ಜುಲೈಯಲ್ಲಿ ಕಲಿಸಿದ್ದು ಮಾರ್ಚ್‌ವರೆಗೆ ಯಾಕೆ ಉಳಿಯುವುದಿಲ್ಲ? ಮೆದುಳಿಗೆ ಒಪ್ಪುವ ಪಾಠ, ಮೆದುಳಿಗೆ ಒಪ್ಪುವ ಪರೀಕ್ಷೆ ಬಗ್ಗೆ ಮಾತಾಡೋಣ

ಸೇಡಂ ವಿಜ್ಞಾನ ಮಾಸ್ತರ್ · ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 14 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತು ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹೋದ ವರ್ಷ ಜುಲೈಯಲ್ಲಿ ಹತ್ತನೇ ತರಗತಿಗೆ ಹೃದಯದ ಪಾಠ ಮಾಡಿದೆ. ಬೋರ್ಡಿನ ಮೇಲೆ ಕೆಂಪು, ನೀಲಿ ಚಾಕ್‌ಪೀಸಿನಲ್ಲಿ ಚಿತ್ರ ಬರೆದೆ. ಮಕ್ಕಳನ್ನೇ ನಾಲ್ಕು ಕೋಣೆಗಳ ಹಾಗೆ ನಿಲ್ಲಿಸಿ, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಆಡಿಸಿ ತೋರಿಸಿದೆ. ಎಲ್ಲರೂ ತಿಳಿಯಿತು ಅಂದರು. ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದ ಚಿತ್ರವಂತೂ ಅಚ್ಚು ಹಾಕಿದ ಹಾಗಿತ್ತು. ನವೆಂಬರ್‌ನಲ್ಲಿ ಅದೇ ಹುಡುಗಿಗೆ, ನೋಟ್‌ಬುಕ್ ಮುಚ್ಚಿ ಬರಿ ಅಂದೆ. ಹೃದಯದ ಆಕಾರ ಬಂತು. ನಡುವೆ ಒಂದು ಗೆರೆ ಬಂತು. ಅಲ್ಲಿಗೆ ಪೆನ್ಸಿಲ್ ನಿಂತಿತು. ಬಾಣದ ಗುರುತು ಯಾವ ಕಡೆ ಹಾಕಬೇಕು ಅಂತ ನನ್ನ ಮುಖ ನೋಡಿದಳು. ಅವತ್ತು ಇದ್ದ 41 ಮಕ್ಕಳಲ್ಲಿ ಪೂರ್ತಿ ಬರೆದವರು 6 ಜನ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಕೊನೆಯ ಸ್ಥಾನ. 2025ರ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ಕಲಬುರಗಿ ಕೊನೆಯ ಸ್ಥಾನ, ಪಾಸಾದವರು 42.43 ಪ್ರತಿಶತ. ರಿಸಲ್ಟ್ ಬಂದ ವಾರ ಚಹಾದಂಗಡಿಯಲ್ಲಿ ಕೂತರೆ "ನಮ್ಮ ಭಾಗದ ಮಕ್ಕಳ ತಲೆಯೇ ಅಷ್ಟು" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಕೇಳಿ ಹೊಟ್ಟೆ ಉರಿಯುತ್ತದೆ. ಶಿಕ್ಷಕರ ಕೊರತೆ ಇದೆ, ಗುಳೆ ಇದೆ, ಬಡತನ ಇದೆ, ಎಲ್ಲ ನಿಜ. ಆದರೆ ನನ್ನ ತರಗತಿಯೊಳಗೆ ನನ್ನ ಕೈಯಲ್ಲೇ ಇದ್ದ ಒಂದು ತಪ್ಪನ್ನು ನಾನು ಹತ್ತು ವರ್ಷ ಮಾಡಿದ್ದೇನೆ. ಜುಲೈಯಲ್ಲಿ ಒಮ್ಮೆ ಕಲಿಸಿ, ಜನವರಿವರೆಗೆ ಆ ಪಾಠದ ಕಡೆ ತಿರುಗಿ ನೋಡದೆ, ಆಮೇಲೆ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ) ಹಿಡಿದು ಬಾಯಿಪಾಠ ಮಾಡಿಸುವುದು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತನ್ನ ಮೇಲೆ ಪ್ರಯೋಗ ಮಾಡಿ ಬರೆದಿಟ್ಟ. ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಲೆಕ್ಕ ಇಟ್ಟ. ಒಂದು ದಿನ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಜಾರಿತ್ತು. ಮೊದಲ ದಿನವೇ ಜಾಸ್ತಿ ಹೋಗುವುದು, ಆಮೇಲೆ ನಿಧಾನ. ಅಂದರೆ ಮರೆಯುವುದು ಮಕ್ಕಳ ಸೋಮಾರಿತನ ಅಲ್ಲ, ಮೆದುಳು ಕೆಲಸ ಮಾಡುವ ರೀತಿಯೇ ಹಾಗೆ.

ಇನ್ನೊಂದು ಪ್ರಯೋಗ ನನ್ನ ಕಣ್ಣು ತೆರೆಸಿತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಹಾಳೆ ಮುಚ್ಚಿಟ್ಟು, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ಉಲ್ಟಾ: ಬರೆದವರಿಗೆ 61 ಪ್ರತಿಶತ ನೆನಪಿತ್ತು, ಓದಿದವರಿಗೆ 40. ನೆನಪಿನಿಂದ ಹೊರಗೆ ಎಳೆದಾಗಲೆಲ್ಲ ನೆನಪು ಗಟ್ಟಿಯಾಗುತ್ತದೆ. ನಾವು ಪರೀಕ್ಷೆ ಅಂದರೆ ಕಲಿತದ್ದನ್ನು ತೂಗುವ ತಕ್ಕಡಿ ಅಂದುಕೊಂಡಿದ್ದೇವೆ. ಅದು ಕಲಿಸುವ ಸಾಧನವೂ ಹೌದು.

ಈಗ ನಾನು ಮಾಡುವುದು ಇಷ್ಟು. ಪೀರಿಯಡ್ ಶುರುವಾದ ಕೂಡಲೇ ಒಂದು ಖಾಲಿ ಹಾಳೆ, ನಾಲ್ಕು ಪ್ರಶ್ನೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು, ಒಂದು ಒಂಬತ್ತನೇ ತರಗತಿಯದ್ದು. ಐದು ನಿಮಿಷ. ಪುಸ್ತಕ ಮುಚ್ಚಿರಬೇಕು. ಆಮೇಲೆ ಉತ್ತರ ಹೇಳುತ್ತೇನೆ, ಅವರೇ ತಿದ್ದಿಕೊಳ್ಳುತ್ತಾರೆ. ಅಂಕ ಇಲ್ಲ, ಹಾಳೆ ನಾನು ತೆಗೆದುಕೊಳ್ಳುವುದಿಲ್ಲ.

ನೀವೆಲ್ಲ ಏನು ಮಾಡುತ್ತಿದ್ದೀರಿ? ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಒಳಗೆ ಹೇಗೆ ತರುವುದು? ಮುಚ್ಚುಮರೆ ಇಲ್ಲದೆ ಹೇಳಿ.

ಗುರುಮಠಕಲ್ ಅಕ್ಕೋರು · ಭಾನುವಾರ, ರಾತ್ರಿ 10:02

ಸರ್, ನಿಮ್ಮದು ಹತ್ತನೇ ತರಗತಿ, ನನ್ನದು ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಿನಲ್ಲಿ ಕೂತು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವುದು. ಶಾಲೆ ಪಕ್ಕದಲ್ಲೇ ತಾಂಡಾ ಇದೆ. ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಲಂಬಾಣಿ ಮಾತಾಡುವವರು.

ಮೊದಲ ವರ್ಷ ನಾನು ಒಂದು ಮಗುವಿನ ಬಗ್ಗೆ ಎಷ್ಟು ತಪ್ಪು ತಿಳಿದಿದ್ದೆ ಅಂತ ಹೇಳುತ್ತೇನೆ. ರೊಟ್ಟಿಯ ಚಿತ್ರ ತೋರಿಸಿ "ಇದೇನು?" ಅಂದೆ. ಹುಡುಗ ಸುಮ್ನೆ ನಿಂತ. ಮೂರು ದಿನ ಹಾಗೇ ಆಯಿತು. "ಗುರುತಿಸುವುದಿಲ್ಲ" ಅಂತ ಪ್ರಗತಿ ನೋಟದಲ್ಲಿ ಬರೆದುಬಿಟ್ಟೆ. ನಾಲ್ಕನೇ ದಿನ ಅವನ ಅಕ್ಕ ಊಟದ ಹೊತ್ತಿಗೆ ಬಂದು ಅದೇ ಕಾರ್ಡ್ ನೋಡಿ "ಬಾಟಿ" ಅಂದಳು. ಹುಡುಗನ ಮುಖ ಅರಳಿತು. "ಬಾಟಿ, ಬಾಟಿ, ಯಾಡಿ (ಅವ್ವ) ಮಾಡ್ತಾಳ" ಅಂತ ಒಂದೇ ಉಸಿರಿಗೆ ಶುರು ಮಾಡಿದ. ಅವನಿಗೆ ಎಲ್ಲ ಗೊತ್ತಿತ್ತು. ನಾನು ಕೇಳಿದ ಭಾಷೆಯಲ್ಲಿ ಇರಲಿಲ್ಲ ಅಷ್ಟೇ.

ತರಬೇತಿಯಲ್ಲಿ ವರ್ಕಿಂಗ್ ಮೆಮೊರಿ ಬಗ್ಗೆ ಹೇಳಿದ್ದರು. ನಾವು ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ಅದು. 1956ರಲ್ಲಿ ಜಾರ್ಜ್ ಮಿಲ್ಲರ್ ಅಲ್ಲಿ ಹಿಡಿಯುವುದು ಏಳರ ಆಸುಪಾಸು ಸಂಗತಿ ಅಂದಿದ್ದ, ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅದು ನಾಲ್ಕರ ಹತ್ತಿರ ಅಂತ ತೋರಿಸಿದ. ದೊಡ್ಡವರಿಗೇ ಇಷ್ಟು. ಆರು ವರ್ಷದ ಮಗು ಕೇಳಿದ ಕನ್ನಡ ಪದವನ್ನು ಲಂಬಾಣಿಗೆ ತಿರುಗಿಸಿ, ಉತ್ತರ ಹುಡುಕಿ, ಮತ್ತೆ ಕನ್ನಡಕ್ಕೆ ತಿರುಗಿಸಬೇಕು. ಇಡೀ ಜಾಗ ಅದಕ್ಕೇ ಹೋಗುತ್ತದೆ. ಅಕ್ಷರ ಇಡಲು ಜಾಗ ಎಲ್ಲಿ ಉಳಿಯಿತು?

ಈಗ ನಾನು ಮೊದಲು ಅವರ ಮಾತಿನಲ್ಲೇ ಹೇಳಿಸುತ್ತೇನೆ. "ಬಾಟಿ" ಅಂದರೆ ಸರಿ. ಆಮೇಲೆ "ನಾವು ರೊಟ್ಟಿ ಅಂತೀವಿ" ಅಂತ ಜೋಡಿಸುತ್ತೇನೆ. ಎಣಿಕೆಯೂ ಅಷ್ಟೇ. ಹುಣಸೆ ಬೀಜ ಎಣಿಸುವಾಗ ಯಾವ ಭಾಷೆಯಲ್ಲಾದರೂ ಎಣಿಸಲಿ, ಬೀಜದ ಲೆಕ್ಕ ಸರಿ ಇದ್ದರೆ ಆ ಮೆಟ್ಟಿಲು ದಾಟಿದ ಹಾಗೆ. ನೀವು ಮೌಲ್ಯಮಾಪನ ಅಂದಿರಲ್ಲ, ನನಗೆ ಅದರಲ್ಲಿ ಮೊದಲ ಪ್ರಶ್ನೆ ಇದು: ನಾನು ಅಳೆಯುತ್ತಿರುವುದು ಗಣಿತವನ್ನೋ, ಕನ್ನಡವನ್ನೋ?

ಗಣಿತದ ಮೇಡಂ, ಶಹಾಪುರ · ಸೋಮವಾರ, ಬೆಳಿಗ್ಗೆ 6:35

ಸೇಡಂ ಸರ್, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ನನ್ನ ತರಗತಿಗೆ ಬಂದು ನೋಡಿ. ಒಂದೇ ಸೆಕ್ಷನ್‌ನಲ್ಲಿ 68 ಮಕ್ಕಳು. ಈ ವರ್ಷ ಒಂಬತ್ತನೇ ತರಗತಿಗೆ ಗಣಿತದ ಅತಿಥಿ ಶಿಕ್ಷಕರು ಬಂದದ್ದೇ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಒಂಬತ್ತು, ಹತ್ತು ಎರಡೂ ನನ್ನ ತಲೆಯ ಮೇಲೆ. ಸಿಲೆಬಸ್ ಮುಗಿದಿಲ್ಲ ಅಂದರೆ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳುತ್ತಾರೆ. ದಿನಾ ಐದು ನಿಮಿಷ ಹಳೆಯದಕ್ಕೆ ಕೊಟ್ಟರೆ ಹೊಸದು ಯಾವಾಗ ಮಾಡಲಿ? ಅಂಕ ಇಲ್ಲ ಅಂದರೆ ಹಿಂದಿನ ಬೆಂಚಿನವರು ಬರೆಯುವುದೇ ಇಲ್ಲ. ಇದು 11 ವರ್ಷದ ಅನುಭವ.

ಒಂದು ವಿಷಯ ಮಾತ್ರ ನಾನೂ ಕಂಡುಕೊಂಡಿದ್ದೇನೆ. ಸಮಾಂತರ ಶ್ರೇಢಿ ಅಭ್ಯಾಸದಲ್ಲಿ ಹತ್ತು ಲೆಕ್ಕ ಕೊಟ್ಟರೆ ಮಕ್ಕಳು ಹತ್ತನ್ನೂ ಮಾಡುತ್ತಾರೆ. ಯಾಕೆಂದರೆ ಯಾವ ಸೂತ್ರ ಹಾಕಬೇಕು ಅಂತ ಪಾಠದ ಹೆಸರೇ ಹೇಳಿಬಿಡುತ್ತದೆ. ಅದೇ ಲೆಕ್ಕ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವರ್ಗ ಸಮೀಕರಣದ ಪಕ್ಕದಲ್ಲಿ ಬಂದರೆ ಕೈ ಕಟ್ಟಿ ಕೂರುತ್ತಾರೆ. ಸೂತ್ರ ಗೊತ್ತಿದೆ, ಯಾವುದು ಯಾವಾಗ ಅನ್ನುವುದು ಗೊತ್ತಿಲ್ಲ. ಹಾಗಾಗಿ ನಾನು ಮನೆಕೆಲಸದಲ್ಲಿ ಬೇರೆ ಬೇರೆ ಪಾಠದ ಲೆಕ್ಕ ಕಲಸಿ ಕೊಡುತ್ತೇನೆ, ಮೇಲೆ ಪಾಠದ ಹೆಸರು ಬರೆಯುವುದಿಲ್ಲ. ಮೊದಮೊದಲು ಮಕ್ಕಳು ಬೈದುಕೊಂಡರು.

ಸೇಡಂ ವಿಜ್ಞಾನ ಮಾಸ್ತರ್ · ಸೋಮವಾರ, ಸಂಜೆ 5:50

ಮೇಡಂ, ನೀವು ಮಾಡುತ್ತಿರುವ ಕಲಸುವಿಕೆಯನ್ನೇ 2007ರಲ್ಲಿ ರೋರರ್ ಮತ್ತು ಟೇಲರ್ ಗಣಿತದಲ್ಲಿ ಪರೀಕ್ಷಿಸಿದ್ದಾರೆ. ಅಭ್ಯಾಸದ ಹೊತ್ತಿನಲ್ಲಿ ಕಲಸಿ ಮಾಡಿದವರು ತಪ್ಪು ಜಾಸ್ತಿ ಮಾಡಿದರು. ವಾರದ ನಂತರದ ಪರೀಕ್ಷೆಯಲ್ಲಿ ಅವರೇ ಬಹಳ ಮುಂದಿದ್ದರು. ಇಂಥ ಕಷ್ಟ ಕಲಿಯುತ್ತಿರುವ ಗುರುತೂ ಇರಬಹುದು. ನಿಮ್ಮ ಮಕ್ಕಳು ಬೈದುಕೊಂಡದ್ದು ಅದಕ್ಕೇ ಇರಬೇಕು.

ಸಮಯದ ಮಾತು. ನಾನೂ ಮೊದಲ ಎರಡು ತಿಂಗಳು ಹಿಂದೆ ಬಿದ್ದೆ, ಸುಳ್ಳು ಹೇಳುವುದಿಲ್ಲ. ಎರಡು ಪಾಠ ಬಾಕಿ ಉಳಿದವು. ಆದರೆ ಪ್ರತಿ ವರ್ಷ ಜನವರಿ ಪೂರ್ತಿ ರಿವಿಜನ್‌ಗೆ ಹೋಗುತ್ತಿತ್ತು, ಕಳೆದ ಸಲ ಹತ್ತು ದಿನ ಸಾಕಾಯಿತು. ಅವತ್ತು ಕಳೆದ ಸಮಯ ಅಲ್ಲಿ ವಾಪಸ್ ಬಂತು. ಇನ್ನೊಂದು, ಹಳೆಯ ಪಾಠ ನೆನಪಿದ್ದರೆ ಹೊಸದು ಬೇಗ ಹತ್ತುತ್ತದೆ. ವಿದ್ಯುತ್ ಪಾಠದಲ್ಲಿ ಓಮ್‌ನ ನಿಯಮ ಮರೆತಿದ್ದರೆ ಸಾಮರ್ಥ್ಯದ ಲೆಕ್ಕಕ್ಕೆ ಬಂದಾಗ ಮತ್ತೆ ಮೊದಲಿಂದ ಹೇಳಬೇಕಾಗುತ್ತಿತ್ತು.

ಹಿಂದಿನ ಬೆಂಚಿನ ಬಗ್ಗೆ ನೀವು ಹೇಳಿದ್ದು ಖರೆ. ನನ್ನ ತರಗತಿಯಲ್ಲೂ ಬರೆಯಲಿಲ್ಲ. ನಾನು ಮಾಡಿದ್ದು ಇಷ್ಟೇ, ನಾಲ್ಕರಲ್ಲಿ ಒಂದು ಪ್ರಶ್ನೆ ಅವರಿಗೆ ಖಂಡಿತ ಬರುವಂಥದ್ದು ಇಡುತ್ತೇನೆ. ಒಂದು ತಿಂಗಳು ದಿನಾ ಒಂದಾದರೂ ಸರಿ ಬಂದರೆ ಪೆನ್ನು ತಾನಾಗೇ ಹೊರಗೆ ಬರುತ್ತದೆ.

ಆಳಂದ ಪಾಲಕ · ಸೋಮವಾರ, ರಾತ್ರಿ 8:15

ಗುರುಗಳೆ, ನಾನು ಮಾಸ್ತರ್ ಅಲ್ಲ, ಆಳಂದ ಕಡೆ ಏಳು ಎಕರೆ ತೊಗರಿ ಮಾಡುವ ರೈತ. ನಾನು ಏಳನೇ ತರಗತಿವರೆಗೆ ಓದಿದ್ದೇನೆ. ಮಗ ಹತ್ತನೇ ತರಗತಿ. ಫೋನಿನಲ್ಲಿ ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಎರಡು ಮಾತು ಕೇಳಬೇಕಿತ್ತು. ಎರಡು ವರ್ಷದ ಹಿಂದೆ ಊರಿಗೆ ಒಬ್ಬರು ಬಂದು, ಮಿಡ್‌ಬ್ರೇನ್ ಆಕ್ಟಿವೇಷನ್ ಅಂತ ಕ್ಲಾಸ್ ಮಾಡುತ್ತೇವೆ, ಮಗ ಕಣ್ಣು ಕಟ್ಟಿಕೊಂಡು ಓದುತ್ತಾನೆ, ನೆನಪಿನ ಶಕ್ತಿ ಹತ್ತು ಪಟ್ಟು ಆಗುತ್ತದೆ ಅಂದರು. ತೊಗರಿ ಮಾರಿದ ದುಡ್ಡಿನಲ್ಲಿ ಎಂಟು ಸಾವಿರ ಕಟ್ಟಿದೆ. ಏನೂ ಆಗಲಿಲ್ಲ. ಮಗ ಆಮೇಲೆ ಹೇಳಿದ, ಮೂಗಿನ ಪಕ್ಕದ ಸಂದಿಯಿಂದ ಕಾಣುತ್ತಿತ್ತು ಅಂತ. ಇದರಲ್ಲಿ ಏನಾದರೂ ನಿಜ ಇದೆಯಾ?

ಎರಡನೇದು, ಅವನ ಶಾಲೆಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ರಾತ್ರಿ ಹನ್ನೊಂದರವರೆಗೂ ಓದು ಅನ್ನುತ್ತಾರೆ. ಒಳ್ಳೆಯದಕ್ಕೇ ಮಾಡುತ್ತಾರೆ, ಗೊತ್ತು. ಆದರೆ ಹುಡುಗ ಪುಸ್ತಕ ಹಿಡಿದು ಗೋಡೆಗೆ ಒರಗಿ ತೂಕಡಿಸುತ್ತಾನೆ. ನೋಡಿ ಕರುಳು ಚುರುಕ್ ಅನ್ನುತ್ತದೆ. ಜಾಸ್ತಿ ಓದದ ನಮ್ಮಂಥವರು ಮನೆಯಲ್ಲಿ ಏನು ಮಾಡಬಹುದು?

ಬೀದರ್ ನಿವೃತ್ತ ಮುಖ್ಯಗುರು · ಸೋಮವಾರ, ರಾತ್ರಿ 9:30

ಯಜಮಾನರೆ, ಮಿಡ್‌ಬ್ರೇನ್ ಅನ್ನುವ ಭಾಗ ಮೆದುಳಿನಲ್ಲಿ ಇರುವುದು ನಿಜ. ಕಣ್ಣಿನ ಚಲನೆ, ಬೆಳಕಿಗೆ ಕಣ್ಣುಪಾಪೆ ಕುಗ್ಗುವುದು, ಸದ್ದು ಕೇಳಿದ ಕಡೆ ತಿರುಗುವುದು, ಇಂಥ ಕೆಲಸಗಳಲ್ಲಿ ಅದರ ಪಾತ್ರ ಇದೆ. ಅದು ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇರುತ್ತದೆ, ಯಾರೂ ಬಂದು ಚಾಲೂ ಮಾಡಬೇಕಿಲ್ಲ. ಕಣ್ಣು ಪೂರ್ತಿ ಮುಚ್ಚಿದರೆ ಯಾರಿಗೂ ಓದಲು ಆಗುವುದಿಲ್ಲ. ನಿಮ್ಮ ಮಗ ನಿಮ್ಮ ಮುಂದೆ ನಿಜ ಹೇಳಿದ್ದಾನೆ, ಅದು ದೊಡ್ಡದು. ನಿಮ್ಮ ಸುತ್ತಲಿನ ನಾಲ್ಕು ಮನೆಯವರಿಗೆ ಇದನ್ನು ಹೇಳಿ.

ನಿದ್ದೆಯ ಬಗ್ಗೆ ಒತ್ತಿ ಹೇಳುತ್ತೇನೆ. ಹಗಲು ಕಲಿತದ್ದು ಮೊದಲು ಹಿಪೊಕ್ಯಾಂಪಸ್ ಅನ್ನುವ ಭಾಗದ ಆಸರೆಯಲ್ಲಿ ಇರುತ್ತದೆ. ಗಾಢ ನಿದ್ದೆಯಲ್ಲಿ ಮೆದುಳು ಅದನ್ನು ಮತ್ತೆ ಮತ್ತೆ ತಿರುವಿ ಹಾಕಿ ಗಟ್ಟಿ ಮಾಡುತ್ತದೆ. 1924ರಷ್ಟು ಹಿಂದೆಯೇ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬಿಬ್ಬರು, ಕಲಿತು ಮಲಗಿದವರು ಎದ್ದೇ ಇದ್ದವರಿಗಿಂತ ಕಡಿಮೆ ಮರೆಯುತ್ತಾರೆ ಅಂತ ತೋರಿಸಿದ್ದರು. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞ ವೈದ್ಯರು ಹೇಳುತ್ತಾರೆ. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ಐದೂವರೆ ಗಂಟೆ. ಹೊಲದಲ್ಲಿ ಬಿತ್ತಿ ಮಣ್ಣು ಮುಚ್ಚದೆ ಬಂದ ಹಾಗೆ ಆಯಿತು.

ಶಾಲೆಗೆ ಹೋಗಿ ವಿನಯದಿಂದ ಹೇಳಿ: ಹತ್ತಕ್ಕೆ ಮಲಗಿಸುತ್ತೇನೆ, ಆರಕ್ಕೆ ಎಬ್ಬಿಸುತ್ತೇನೆ ಅಂತ. ಮನೆಯಲ್ಲಿ ನೀವು ಮಾಡುವುದು ಒಂದೇ. ಊಟ ಮಾಡುವಾಗ "ಇವತ್ತು ಏನು ಕಲಿಸಿದರು, ನನಗೆ ತಿಳಿಯುವ ಹಾಗೆ ಹೇಳು" ಅನ್ನಿ. ನಿಮಗೆ ಗೊತ್ತಿಲ್ಲದಿರುವುದೇ ಇಲ್ಲಿ ಲಾಭ. ನಿಮಗೆ ತಿಳಿಯುವವರೆಗೆ ಅವನು ಬಿಡಿಸಿ ಹೇಳಬೇಕಾಗುತ್ತದೆ.

ಬಿಎಡ್ ವಿದ್ಯಾರ್ಥಿನಿ, ಕಲಬುರಗಿ · ಮಂಗಳವಾರ, ಮಧ್ಯಾಹ್ನ 1:20

ನಮಸ್ತೆ. ನನಗೆ ಮುಂದಿನ ವಾರದಿಂದ ಬೋಧನಾಭ್ಯಾಸ. ಪಾಠ ಯೋಜನೆಯಲ್ಲಿ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮೂರು ಗುಂಪು ಮಾಡಿ ಬೇರೆ ಬೇರೆ ಚಟುವಟಿಕೆ ಬರೆಯಲು ಹೇಳಿದ್ದಾರೆ. ಎಡ ಮೆದುಳಿನ ಮಕ್ಕಳಿಗೆ ಗಣಿತ, ಬಲ ಮೆದುಳಿನವರಿಗೆ ಕಲೆ ಅಂತಲೂ ನೋಟ್ಸ್‌ನಲ್ಲಿದೆ. ಇದೇ ಬ್ರೇನ್ ಬೇಸ್ಡ್ ಲರ್ನಿಂಗ್ (ಮೆದುಳು ಆಧಾರಿತ ಕಲಿಕೆ) ಅಂತಾರೆ. ಸೇಡಂ ಸರ್ ಹೇಳುವುದು ಬೇರೆ ಇದೆಯಲ್ಲ? ಯಾವುದು ಸರಿ?

ಬೀದರ್ ನಿವೃತ್ತ ಮುಖ್ಯಗುರು · ಮಂಗಳವಾರ, ಸಂಜೆ 6:45

ತಂಗಿ, ಕೇಳಿದ್ದು ಒಳ್ಳೆಯದಾಯಿತು. ಈ ಹೆಸರಿನ ಕೆಳಗೆ ಕಾಳೂ ಇದೆ, ಹೊಟ್ಟೂ ಇದೆ.

1983ರಲ್ಲಿ ಲೆಸ್ಲಿ ಹಾರ್ಟ್ ಎಂಬಾತ, ಶಾಲೆ ನಡೆಯುವ ರೀತಿ ಮೆದುಳಿನ ರೀತಿಗೆ ಹೊಂದುವುದಿಲ್ಲ ಅಂತ ಬರೆದ. 1991ರಲ್ಲಿ ರೆನೇಟ್ ಕೇನ್, ಜೆಫ್ರಿ ಕೇನ್ ದಂಪತಿ 12 ತತ್ವಗಳನ್ನು ಕೊಟ್ಟರು. ಅರ್ಥ ಹುಡುಕುವುದು ಮನುಷ್ಯನ ಸಹಜ ಗುಣ, ಭಾವನೆ ಬಿಟ್ಟು ಕಲಿಕೆ ಇಲ್ಲ, ಬೆದರಿಕೆ ಇದ್ದಲ್ಲಿ ಕಲಿಕೆ ಕುಗ್ಗುತ್ತದೆ, ಪ್ರತಿ ಮೆದುಳೂ ಬೇರೆ, ಹೀಗೆ. ಒಳ್ಳೆಯ ಮಾತುಗಳೇ. ಆದರೆ 1997ರಲ್ಲಿ ಜಾನ್ ಬ್ರೂಯರ್ ಎಚ್ಚರಿಸಿದ: ನರಕೋಶದ ಸಂಶೋಧನೆಯಿಂದ ನೇರವಾಗಿ ತರಗತಿಗೆ ಹಾರಬೇಡಿ, ನಡುವೆ ಮನಶ್ಶಾಸ್ತ್ರ ಅನ್ನುವ ಸೇತುವೆ ಇದೆ, ಅದರ ಮೇಲೆ ನಡೆದು ಬನ್ನಿ ಅಂತ. ನನಗೆ ಅವನ ಮಾತು ಒಪ್ಪಿಗೆ. ಸೇಡಂ ಮಾಸ್ತರ್ ಹೇಳಿದ ಪ್ರಯೋಗಗಳು ಎಲ್ಲ ಆ ಸೇತುವೆಯಿಂದ ಬಂದವು. ಅಲ್ಲಿ ಮೆದುಳಿನ ಫೋಟೋ ತೆಗೆದಿರಲಿಲ್ಲ, ಜನರಿಗೆ ಕಲಿಸಿ, ದಿನ ಬಿಟ್ಟು ಕೇಳಿದ್ದರು ಅಷ್ಟೇ.

ನೋಡಿ-ಕೇಳಿ-ಮಾಡಿ ಅನ್ನುವ ಗುಂಪಿನ ಮಾತು. 2008ರಲ್ಲಿ ಪ್ಯಾಷ್ಲರ್ ಮತ್ತು ಮೂವರು ವಿದ್ವಾಂಸರು ಆವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಮಗುವಿನ "ಶೈಲಿ"ಗೆ ತಕ್ಕಂತೆ ಕಲಿಸಿದರೆ ಜಾಸ್ತಿ ಕಲಿಯುತ್ತದೆ ಅನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಹಳಗನ್ನಡದ ಲಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ವಿಷಯ ಏನು ಕೇಳುತ್ತದೋ ಅದು ಮುಖ್ಯ. ಎಡ-ಬಲದ ಮಾತೂ ಹಾಗೇ. ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡಭಾಗದಲ್ಲಿ ಜಾಸ್ತಿ ನಡೆಯುತ್ತದೆ, ನಿಜ. ಆದರೆ ಲೆಕ್ಕ ಮಾಡುವಾಗಲೂ ಚಿತ್ರ ಬರೆಯುವಾಗಲೂ ಎರಡೂ ಕಡೆ ದುಡಿಯುತ್ತವೆ. ಏಳು ವರ್ಷದ ಮಗುವಿಗೆ "ನೀನು ಬಲ ಮೆದುಳಿನವನು, ಗಣಿತ ಬಿಡು" ಅನ್ನುವುದು ಅನ್ಯಾಯ.

ಇನ್ನು ನನ್ನದೇ ಎರಡು ತಪ್ಪು ಹೇಳುತ್ತೇನೆ, ನಿನ್ನ ಪಾಠಕ್ಕೆ ಉಪಯೋಗ ಆದೀತು.

ಒಮ್ಮೆ ಎಂಟನೇ ತರಗತಿ ಮಕ್ಕಳನ್ನು ಬಿದ್ರಿ ಕೆಲಸ ಮಾಡುವವರ ಮನೆಗೆ ಕರೆದುಕೊಂಡು ಹೋದೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿದ ಮಿಶ್ರಲೋಹ. ಅದರ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಮಕ್ಕಳು ಬಾಯಿ ಬಿಟ್ಟು ನೋಡಿದರು. ಎಷ್ಟು ಒಳ್ಳೆಯ ಪಾಠ ಮಾಡಿದೆ ಅಂತ ನಾನೂ ಹಿಗ್ಗಿದೆ. ವಾರ ಬಿಟ್ಟು ಏನು ನೆನಪಿದೆ ಅಂದರೆ, ಒಬ್ಬ ಹೂಜಿಯ ಬೆಲೆ ಹೇಳಿದ, ಇನ್ನೊಬ್ಬ ದಾರಿಯಲ್ಲಿ ತಿಂದ ಭಜಿ ಹೇಳಿದ. ರಸಾಯನಶಾಸ್ತ್ರ ಯಾರಿಗೂ ಇಲ್ಲ. ಮಕ್ಕಳು ಯಾವುದರ ಬಗ್ಗೆ ಯೋಚಿಸಿದರೋ ಅದು ಉಳಿಯಿತು. ಮುಂದಿನ ವರ್ಷ ಹೋಗುವ ಮೊದಲು ಒಂದೇ ಪ್ರಶ್ನೆ ಕೊಟ್ಟೆ: "ಒಂದೇ ನೀರಿನಲ್ಲಿ ಅದ್ದಿದರೂ ಬೆಳ್ಳಿ ಯಾಕೆ ಕಪ್ಪಾಗಲಿಲ್ಲ?" ಆ ಪ್ರಶ್ನೆ ಹಿಡಿದು ನೋಡಿದ ಮಕ್ಕಳಿಗೆ ಲೋಹಗಳ ಕ್ರಿಯಾಶೀಲತೆ ಮರೆಯಲೇ ಇಲ್ಲ.

ಎರಡನೇ ತಪ್ಪು ದೊಡ್ಡದು. ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಡಿಮೆ ಬಂದವರು ಮುಂದೆ ಬಂದು ನಿಲ್ಲಬೇಕಿತ್ತು. ಅವರಿಗೆ ಛಲ ಬರಲಿ ಅನ್ನುವುದು ನನ್ನ ಉದ್ದೇಶ. ಅವಮಾನದ ಭಯದಲ್ಲಿ ಮೆದುಳಿನ ಅಮಿಗ್ಡಲಾ ಅನ್ನುವ ಭಾಗ ಎಚ್ಚರದ ಗಂಟೆ ಬಾರಿಸುತ್ತದೆ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ, ಗೊತ್ತಿದ್ದ ಉತ್ತರವೂ ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದು ನಿವೃತ್ತಿಗೆ ಮೂರು ವರ್ಷ ಇದ್ದಾಗ. ಆ ಸಾಲಿನಲ್ಲಿ ನಿಂತ ಒಬ್ಬ ಹುಡುಗ ಮರುದಿನದಿಂದ ಶಾಲೆಗೇ ಬರಲಿಲ್ಲ. ಅವನ ಮುಖ ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಚಿತ್ತಾಪುರ ಸಿಆರ್‌ಪಿ · ಮಂಗಳವಾರ, ರಾತ್ರಿ 8:05

ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಒಂದು ಗುಂಪು ಶಾಲೆಗಳಿಗೆ ಸಂಪನ್ಮೂಲ ವ್ಯಕ್ತಿ. ಒಂದು ಸಣ್ಣ ಮಾತು ಸೇರಿಸುತ್ತೇನೆ. ಮೆದುಳಿನ ತೂಕ ದೇಹದ ತೂಕದ 2 ಪ್ರತಿಶತದಷ್ಟು, ಆದರೆ ಅದು ತಿನ್ನುವುದು ದೇಹದ ಶಕ್ತಿಯ 20 ಪ್ರತಿಶತದಷ್ಟು. ರಕ್ತಹೀನತೆ ಇದ್ದ ಮಗುವಿನ ಗಮನ ಬೇಗ ಚದುರುತ್ತದೆ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಬಹಳ ಹುಡುಗಿಯರು ಬಾಯಲ್ಲಿ ಇಟ್ಟುಕೊಂಡು ಹೊರಗೆ ಉಗುಳುತ್ತಾರೆ, ಹೊಟ್ಟೆ ತೊಳಸುತ್ತದೆ ಅಂತ. ಊಟದ ನಂತರ, ಎದುರಿಗೆ ನಿಂತು ಕೊಡಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೊದಲ ಪಟ್ಟಿಯಲ್ಲೇ ಇದ್ದವು. ನಾನು ಕಂಡ ಹಾಗೆ, ಮೊಟ್ಟೆ ಇದ್ದ ದಿನ ಹಾಜರಾತಿಯೇ ಬೇರೆ.

ಬಿಸಿಲೂ ಲೆಕ್ಕಕ್ಕೆ ಬರಬೇಕು. ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಗಣಿತ ಇಟ್ಟರೆ ಯಾರ ತಲೆಗೂ ಹತ್ತುವುದಿಲ್ಲ. ಫೆಬ್ರವರಿಯಿಂದಾಚೆ ಕಷ್ಟದ ವಿಷಯಗಳನ್ನು ಮೊದಲ ಎರಡು ಪೀರಿಯಡ್‌ಗೆ ತನ್ನಿ. ವೇಳಾಪಟ್ಟಿ ಬದಲಿಸುವ ಬಗ್ಗೆ ಸ್ಟಾಫ್ ರೂಮಿನಲ್ಲಿ ಮಾತಾಡಿ ಒಪ್ಪಿಗೆ ಮಾಡಿಕೊಳ್ಳಿ.

ಎಫ್‌ಎ ಬಗ್ಗೆ ಸೇಡಂ ಸರ್ ಕೇಳಿದ್ದರು. ನಾನು ಶಾಲೆ ಶಾಲೆ ತಿರುಗುವವನು. ಬಹಳ ಕಡೆ ಎಫ್‌ಎ ಅಂದರೆ ಥರ್ಮಾಕೋಲ್ ಮಾದರಿ, ಚಾರ್ಟು, ದಾಖಲೆ ಬರೆಯುವುದು ಅಂತ ಆಗಿದೆ. ರೂಪಣಾತ್ಮಕ ಅಂದರೆ ಮಗುವಿನ ಕಲಿಕೆ ಇನ್ನೂ ರೂಪ ಪಡೆಯುತ್ತಿರುವಾಗ ನೋಡಿ ತಿದ್ದುವುದು ಅಲ್ವಾ? ನಿಮ್ಮ ಖಾಲಿ ಹಾಳೆಯೇ ನಿಜವಾದ ಎಫ್‌ಎ. ತಿಂಗಳಿಗೆ ಎರಡು ಹಾಳೆ ಆಯ್ದು ಮಗುವಿನ ಕಡತದಲ್ಲಿ ಇಡಿ. ಜೂನ್‌ನ ಹಾಳೆ, ಡಿಸೆಂಬರ್‌ನ ಹಾಳೆ ಪಕ್ಕಪಕ್ಕ ಇದ್ದರೆ ಅದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ನಾನಂತೂ ಒಪ್ಪುತ್ತೇನೆ.

ಸೇಡಂ ವಿಜ್ಞಾನ ಮಾಸ್ತರ್ · ಮಂಗಳವಾರ, ರಾತ್ರಿ 9:40

ಸಿಆರ್‌ಪಿ ಸರ್, ಧನ್ಯವಾದ. ಹಾಳೆ ನನ್ನ ಕೈಗೆ ಬಾರದಿರಲಿ ಅಂತ ಮಾಡಿದ್ದೆ, ತಪ್ಪು ಬರೆಯಲು ಹೆದರಬಾರದು ಅಂತ. ಇನ್ನು ಮೇಲೆ ಯಾವ ಎರಡು ಹಾಳೆ ಕಡತಕ್ಕೆ ಹೋಗಬೇಕು ಅಂತ ಮಕ್ಕಳೇ ಆರಿಸಲಿ.

ತಿದ್ದುವ ಬಗ್ಗೆ ಒಂದು ವಿಷಯ ಹೇಳಲೇಬೇಕು. 1988ರಲ್ಲಿ ಇಸ್ರೇಲಿನ ರುತ್ ಬಟ್ಲರ್ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆ, ಕೆಲವರಿಗೆ ಅಂಕ ಮತ್ತು ಸಲಹೆ ಎರಡೂ. ಬರೀ ಸಲಹೆ ಸಿಕ್ಕವರು ಮುಂದಿನ ಸಲ ಚೆನ್ನಾಗಿ ಮಾಡಿದರು. ಎರಡೂ ಸಿಕ್ಕವರಿಗೆ ಸಲಹೆಯ ಲಾಭ ಆಗಲಿಲ್ಲ. ನಾನು ನನ್ನ ತರಗತಿಯಲ್ಲಿ ನೋಡಿದ್ದೂ ಇದೇ. ಅಂಕ ಕಂಡ ಕೂಡಲೇ ಪಕ್ಕದವನ ಹಾಳೆ ನೋಡುತ್ತಾರೆ. ಕೆಂಪು ಮಸಿಯಲ್ಲಿ ನಾವು ಕಷ್ಟಪಟ್ಟು ಬರೆದದ್ದನ್ನು ಯಾರೂ ಓದುವುದಿಲ್ಲ. ಈಗ ಸರಣಿ ಪರೀಕ್ಷೆಯ ಪೇಪರ್ ಕೊಡುವಾಗ ಮೊದಲ ದಿನ ಅಂಕ ಹೇಳುವುದಿಲ್ಲ. ಎರಡು ಸಾಲು ಬರೆದು ಕೊಡುತ್ತೇನೆ, ಅದರಂತೆ ಒಂದು ಉತ್ತರ ಮತ್ತೆ ಬರೆಯಬೇಕು. ಅಂಕ ಮರುದಿನ.

ಬಿಎಡ್ ತಂಗಿ, ನಿಮ್ಮ ಪಾಠ ಯೋಜನೆಯಲ್ಲಿ ಒಂದೇ ಪಾಠವನ್ನು ಎಲ್ಲ ಮಕ್ಕಳೂ ನೋಡಲಿ, ಕೇಳಲಿ, ಮಾಡಲಿ ಅಂತ ಬರೆಯಿರಿ. ಮಾರ್ಗದರ್ಶಕರೂ ಒಪ್ಪುತ್ತಾರೆ, ಮಕ್ಕಳಿಗೂ ಒಳ್ಳೆಯದು. ಮಕ್ಕಳಿಗೆ ಈಗಾಗಲೇ ಗೊತ್ತಿರುವುದಕ್ಕೆ ಹೊಸದನ್ನು ಕಟ್ಟಿ. ನಮ್ಮ ಹಳ್ಳಿಯ ಹುಡುಗರಿಗೆ "ನೂರಕ್ಕೆ ಎರಡರ ಬಡ್ಡಿ" ಅಂದರೆ ಬೆರಳ ತುದಿಯಲ್ಲಿ ಲೆಕ್ಕ. ಅದೇ "ಶೇಕಡಾ 2" ಅಂದರೆ ಗಾಬರಿ. ಶೇಕಡಾ ಅಂದರೆ ನೂರಕ್ಕೆ ಅಂತ ಒಮ್ಮೆ ಗಂಟು ಹಾಕಿಕೊಡಿ.

ಗಣಿತದ ಮೇಡಂ, ಶಹಾಪುರ · ಮೂರು ವಾರದ ನಂತರ, ಶನಿವಾರ ಮಧ್ಯಾಹ್ನ 2:10

ಸರ್, ನಿಮ್ಮ ಜೊತೆ ವಾದ ಮಾಡಿದವಳು ನಾನೇ, ಹಾಗಾಗಿ ನಾನೇ ಬಂದು ಹೇಳುವುದು ನ್ಯಾಯ.

ದಿನಾ ಮಾಡಲು ಆಗಲಿಲ್ಲ. ಸೋಮ, ಬುಧ, ಶುಕ್ರ ಮಾತ್ರ ಮಾಡಿದೆ. ನಾಲ್ಕರ ಬದಲು ಮೂರು ಪ್ರಶ್ನೆ. 68 ಮಕ್ಕಳಿಗೆ ಹಾಳೆ ಎಲ್ಲಿಂದ ತರಲಿ, ಸ್ಲೇಟ್ ತರಿಸಿದೆ. ಕೆಲವರ ಮನೆಯಲ್ಲಿ ತಮ್ಮ ತಂಗಿಯರದ್ದು ಇತ್ತು, ಇಲ್ಲದವರು ರಟ್ಟಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡರು. "ಎತ್ತಿ" ಅಂದರೆ 68 ಉತ್ತರ ಒಟ್ಟಿಗೆ ಕಾಣುತ್ತವೆ. ಯಾರಿಗೆ ಏನು ಬಂದಿಲ್ಲ ಅಂತ ಹನ್ನೊಂದು ವರ್ಷದಲ್ಲಿ ನನಗೆ ಇಷ್ಟು ಬೇಗ ಗೊತ್ತಾಗಿರಲಿಲ್ಲ. ಮೊನ್ನೆ ಬುಧವಾರ ಎರಡು ಸಂಖ್ಯೆಯ ಮೊತ್ತದ ವರ್ಗ, (a+b)², ಕೇಳಿದೆ. ಅರ್ಧ ತರಗತಿ ನಡುವಿನ 2ab ಪದವನ್ನೇ ಬಿಟ್ಟಿತ್ತು. ನಾನು ಅದು ಎಂಟನೇ ತರಗತಿಯಲ್ಲೇ ಮುಗಿದ ಮಾತು ಅಂದುಕೊಂಡು ವರ್ಗ ಸಮೀಕರಣ ಮಾಡುತ್ತಿದ್ದೆ. ಅಲ್ಲೇ ನಿಲ್ಲಿಸಿ, ಚೌಕ ಬರೆದು ನಾಲ್ಕು ಭಾಗ ಮಾಡಿ ತೋರಿಸಿದೆ. ಶುಕ್ರವಾರ ಮತ್ತೆ ಕೇಳಿದೆ. ಬಿಟ್ಟವರು ಒಂಬತ್ತು ಜನ.

ಹಿಂದಿನ ಬೆಂಚಿನವರು ಸ್ಲೇಟ್ ಎತ್ತುತ್ತಾರೆ. ಒರೆಸಬಹುದು ಅನ್ನುವ ಧೈರ್ಯ ಇರಬೇಕು.

ಒಂದು ಕಷ್ಟ ಉಳಿದಿದೆ. ನನ್ನ ತರಗತಿಯ ಐದು ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಸಂಕ್ರಾಂತಿ ನಂತರ ಬರುತ್ತಾರೆ. ಅವರಿಗೆ ಏನು ಮಾಡಲಿ?

ಗುರುಮಠಕಲ್ ಅಕ್ಕೋರು · ಶನಿವಾರ, ಸಂಜೆ 4:30

ಮೇಡಂ, ನಮ್ಮ ತಾಂಡಾದಿಂದ ಪುಣೆಗೆ ಹೋಗುವ ಮಕ್ಕಳಿಗೆ ನಾನು ಒಂದು ದಪ್ಪ ಕಾಗದದ ಚೀಟಿ ಕಟ್ಟು ಕೊಟ್ಟು ಕಳಿಸುತ್ತೇನೆ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಇಪ್ಪತ್ತೇ ಚೀಟಿ. ಜಾಸ್ತಿ ಕೊಟ್ಟರೆ ಚೀಲದಿಂದ ಹೊರಗೇ ಬರುವುದಿಲ್ಲ. ಭಾನುವಾರ ಸಂಜೆ ಫೋನ್ ಮಾಡಿ ಮೂರು ಚೀಟಿ ಕೇಳುತ್ತೇನೆ. ಅಪ್ಪನ ಫೋನ್ ಸ್ಪೀಕರ್‌ನಲ್ಲಿ ಇರುತ್ತದೆ, ಹಿಂದೆ ಮಿಕ್ಸರ್ ಯಂತ್ರದ ಸದ್ದು. ಕಳೆದ ವರ್ಷ ಹೋದ ನಾಲ್ಕರಲ್ಲಿ ಮೂವರು ವಾಪಸ್ ಬಂದು ಅದೇ ತಟ್ಟೆಯಲ್ಲಿ (ನಲಿ-ಕಲಿಯಲ್ಲಿ ಕಲಿಕೆಯ ಗುಂಪಿಗೆ ತಟ್ಟೆ ಅಂತೀವಿ) ಕೂತರು. ಒಬ್ಬಳು ಬರಲಿಲ್ಲ.

ಆಳಂದ ಪಾಲಕ · ಶನಿವಾರ, ರಾತ್ರಿ 8:50

ಬೀದರ್ ಗುರುಗಳು ಹೇಳಿದ ಹಾಗೆ ಶಾಲೆಗೆ ಹೋಗಿ ಮಾತಾಡಿದೆ. ಹೆಡ್‌ಮಾಸ್ತರ್ ಮೊದಲು ಸ್ವಲ್ಪ ಬೇಸರ ಮಾಡಿಕೊಂಡರು, ಆಮೇಲೆ ಆಗಲಿ ಅಂದರು. ಈಗ ಹತ್ತಕ್ಕೆ ಮಲಗುತ್ತಾನೆ.

ದಿನಾ ಊಟಕ್ಕೆ ಕೂತಾಗ ಕೇಳುತ್ತೇನೆ. ನಿನ್ನೆ ರೊಟ್ಟಿ ಮುರಿದು ತಟ್ಟೆಯಲ್ಲಿ ನಾಲ್ಕು ತುಂಡು ಇಟ್ಟು, ಇದು ಹೃದಯದ ನಾಲ್ಕು ಕೋಣೆ ಅಂತ ಹೇಳಿದ. ಕೆಟ್ಟ ರಕ್ತ ಬಲಗಡೆ ಬಂತು, ಪುಪ್ಪುಸಕ್ಕೆ ಹೋಯಿತು, ಶುದ್ಧವಾಗಿ ಎಡಗಡೆ ಬಂತು, ಮೈಗೆಲ್ಲ ಹೋಯಿತು ಅಂದ. ನಾನು ಕೇಳಿದೆ, ಪುಪ್ಪುಸದಲ್ಲಿ ಶುದ್ಧ ಆಯಿತಲ್ಲ, ಅಲ್ಲಿಂದಲೇ ನೇರ ಮೈಗೆ ಹೋಗಬಾರದಾ, ಮತ್ತೆ ಯಾಕೆ ಹೃದಯಕ್ಕೆ ಬರಬೇಕು? ಹುಡುಗ ತುತ್ತು ಕೈಯಲ್ಲೇ ಹಿಡಿದು ಕೂತ. ಉತ್ತರ ಗೊತ್ತಿಲ್ಲ ಅಂದ. ಏನು ಹೇಳಲಿ ಗುರುಗಳೆ?

ಸೇಡಂ ವಿಜ್ಞಾನ ಮಾಸ್ತರ್ · ಶನಿವಾರ, ರಾತ್ರಿ 9:25

ಅಣ್ಣಾ, ನನ್ನ 41 ಮಕ್ಕಳಲ್ಲಿ ಒಬ್ಬರೂ ನನಗೆ ಕೇಳದ ಪ್ರಶ್ನೆ ನೀವು ಕೇಳಿದ್ದೀರಿ. ಉತ್ತರ ನಾನು ಇಲ್ಲಿ ಬರೆಯುವುದಿಲ್ಲ, ಅವನೇ ಹುಡುಕಲಿ. ಒಂದು ಸುಳಿವು ಕೊಡಿ: ಹೊಲದಲ್ಲಿ ಬಾವಿಯ ಮೋಟಾರ್ ಹತ್ತಿರ ನೀರು ಎಷ್ಟು ಜೋರಾಗಿ ಬರುತ್ತದೆ, ನೂರಾರು ಸಣ್ಣ ಪೈಪ್ ದಾಟಿದ ಮೇಲೆ ಆ ಜೋರು ಎಷ್ಟು ಉಳಿದಿರುತ್ತದೆ ಅಂತ ಕೇಳಿ. ಪುಪ್ಪುಸದೊಳಗೆ ರಕ್ತ ಹರಿಯುವುದು ಕೂದಲಿಗಿಂತ ಸಣ್ಣ ನಾಳಗಳಲ್ಲಿ. ಎರಡು ದಿನ ಬಿಡಿ. ಅವನು ಏನು ಹೇಳಿದ ಅಂತ ಇಲ್ಲಿ ಬರೆಯಿರಿ. ಸೋಮವಾರ ನನ್ನ ಮಕ್ಕಳಿಗೆ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳುತ್ತೇನೆ.